ದೀಪದ ಸ್ವಿಚ್ಚಿಗೂ ಅಪ್ಪಣೆ ಬೇಕೆ?

2020ರ ಮಳೆಗಾಲ. ಆಫೀಸೇ ಮನೆಗೆ ಬಂದು ಕೂತಿದ್ದ ವರ್ಷ. ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಿದ್ದೆ. ಮಲೆನಾಡಿನ ಮಳೆ ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿತ್ತು, ಕರೆಂಟು ಹೋಯಿತು, ಸಂಜೆಯ ಹೊತ್ತಿಗೆ ಇನ್‌ವರ್ಟರೂ ಖಾಲಿಯಾಯಿತು. ಕಂಪನಿ ಕೊಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಅರವತ್ತು ಪರ್ಸೆಂಟ್ ಚಾರ್ಜು ಉಳಿದಿತ್ತು. ಬೆಳಿಗ್ಗೆ ಎದ್ದು ಒಂದು ಗಂಟೆ ಕೂತರೆ ಕಳಿಸಬೇಕಿದ್ದ ಫೈಲು ಮುಗಿಯುತ್ತಿತ್ತು, ಅಷ್ಟು ಚಾರ್ಜು ಧಾರಾಳ ಸಾಕಿತ್ತು. ಮುಚ್ಚಳ ಮುಚ್ಚಿ ಮಲಗಿದೆ. ನಡುರಾತ್ರಿ ಎಚ್ಚರವಾದಾಗ ಮಳೆಯ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿತು. ಮುಚ್ಚಿದ ಲ್ಯಾಪ್‌ಟಾಪಿನ ಒಳಗೆ ಫ್ಯಾನು ತಿರುಗುತ್ತಿತ್ತು. ಮುಟ್ಟಿದರೆ ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ. ತೆರೆದು ನೋಡಿದೆ, ಒಂಬತ್ತು ಪರ್ಸೆಂಟ್.

ಮುಚ್ಚಳ ಮುಚ್ಚಿದರೆ ಯಂತ್ರ ಮಲಗುತ್ತದೆ ಎಂದು ಎಲ್ಲರಂತೆ ನಾನೂ ನಂಬಿದ್ದೆ. ಆಫೀಸಿನಲ್ಲಿ ಸದಾ ಚಾರ್ಜರಿಗೆ ಸಿಕ್ಕಿಸಿಕೊಂಡೇ ಇರುತ್ತಿದ್ದುದರಿಂದ ಅದು ಎಂದೂ ಮಲಗುವುದೇ ಇಲ್ಲವೆಂಬುದು ನನಗೆ ತಿಳಿದೇ ಇರಲಿಲ್ಲ. ಆ ಕತ್ತಲಲ್ಲೇ ಸೆಟ್ಟಿಂಗ್ ತೆರೆದೆ. ‘ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ’, ‘ಸ್ಲೀಪ್: ಎಂದೂ ಇಲ್ಲ’, ‘ಹೈ ಪರ್ಫಾರ್ಮೆನ್ಸ್’. ಮೂರೂ ಬೂದು ಬಣ್ಣಕ್ಕೆ ತಿರುಗಿದ್ದವು, ಒತ್ತಿದರೆ ಅಲುಗಲಿಲ್ಲ. ಮೇಲೊಂದು ಸಾಲು: ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ.

ಕರೆಂಟು ಬಂದ ಮೇಲೆ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದೆ. ಆ ಹುಡುಗ ಬಹಳ ಸೌಜನ್ಯದಿಂದಲೇ ಹೇಳಿದ: “ಮೇಡಂ, ಅದು ಪಾಲಿಸಿ. ಸೆಕ್ಯೂರಿಟಿ ಟೀಮಿನವರು ಲಾಕ್ ಮಾಡಿದ್ದಾರೆ. ನಮ್ಮ ಕೈಲೂ ಇಲ್ಲ. ಯೂಸರ್‌ಗಳಿಗೆ ಬಿಟ್ರೆ ಏನೇನೋ ಮಾಡ್ಕೊಂಡುಬಿಡ್ತಾರೆ ಅಂತ ಹಾಗೆ.”

ಆ ಕೊನೆಯ ವಾಕ್ಯದ ವಿರುದ್ಧವೇ ನನ್ನ ಈ ಬರಹ. ಅದು ಒಬ್ಬ ಹುಡುಗನ ಮಾತಲ್ಲ. ಕಂಪನಿಗಳಲ್ಲಿ, ಕಾಲೇಜಿನ ಲ್ಯಾಬುಗಳಲ್ಲಿ, ಕಚೇರಿಗಳಲ್ಲಿ, ಕಂಪ್ಯೂಟರ್ ನೋಡಿಕೊಳ್ಳುವವರ ನಡುವೆ ಅದು ವೇದವಾಕ್ಯವಾಗಿದೆ. ಸಾಮಾನ್ಯ ಬಳಕೆದಾರರಿಗೆ ನಿರ್ಬಂಧಿತ ಖಾತೆ ಕೊಡಬೇಕು, ನಿರ್ಬಂಧಿತ ಖಾತೆ ಎಂದ ಮೇಲೆ ಪವರ್ ಸೆಟ್ಟಿಂಗೂ ಅವರ ಕೈಗೆ ಸಿಗಬಾರದು, ಅದೇ ಸುರಕ್ಷತೆ ಎಂಬ ನಂಬಿಕೆ. ಇದರ ಮೊದಲ ಭಾಗ ಸರಿ. ಎರಡನೆಯದು ತಪ್ಪು. ಮೂರನೆಯದು ಸುಳ್ಳು. ಒಂದು ಸರಿಯಾದ ಮಾತಿನ ಬೆನ್ನಿಗೆ ಕಟ್ಟಿ ಎರಡು ಕೆಟ್ಟ ಮಾತುಗಳನ್ನು ಒಳಗೆ ಸಾಗಿಸಿಬಿಟ್ಟಿದ್ದಾರೆ, ನಾವು ತುಟಿ ಬಿಚ್ಚದೆ ಒಪ್ಪಿಕೊಂಡಿದ್ದೇವೆ.

ನಿರ್ಬಂಧಿತ ಖಾತೆ ಏಕೆ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಕಾಯುವುದರ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಎಂಟು ಸೂತ್ರಗಳಿವೆ. ಪ್ರತಿಯೊಬ್ಬರಿಗೂ ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು ಎಂಬುದು ಅವುಗಳಲ್ಲೊಂದು. ಇಂದು ಐಟಿ ವಿಭಾಗದ ಪ್ರತಿ ಬೀಗಕ್ಕೂ ಇದೇ ಸೂತ್ರವನ್ನು ಸಾಕ್ಷಿಗೆ ಕರೆಯುತ್ತಾರೆ. ಅದೇ ಪಟ್ಟಿಯ ಕೊನೆಯ ಸೂತ್ರವನ್ನು ಯಾರೂ ಬಾಯಿಗೆ ತರುವುದಿಲ್ಲ: ರಕ್ಷಣೆಯ ವ್ಯವಸ್ಥೆ ಬಳಸುವ ಮನುಷ್ಯನ ಮನಸ್ಸಿಗೆ ಒಗ್ಗುವಂತಿರಬೇಕು, ಸರಿಯಾಗಿ ನಡೆದುಕೊಳ್ಳುವುದೇ ಅವನಿಗೆ ಸುಲಭವಾಗಬೇಕು. ಎಂಟರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಹರಿದು ಎಸೆದವರು ಆ ಪಟ್ಟಿಯ ಹೆಸರು ಹೇಳುವ ಹಕ್ಕನ್ನು ಎಲ್ಲಿಂದ ಪಡೆದರು?

ಮೊದಲು ಹೇಳಿದ ಸೂತ್ರವನ್ನೇ ತೆಗೆದುಕೊಳ್ಳಿ. ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಎಂದರೆ ಬೇಕಾದದ್ದನ್ನು ಕೊಡಬೇಕು ಎಂದೂ ಅರ್ಥ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ, ರೈಲಿನಲ್ಲಿ, ಕರೆಂಟಿಲ್ಲದ ಮನೆಯಲ್ಲಿ ಕೆಲಸ ಮಾಡುವವರಿಗೆ, ಪರದೆ ಎಷ್ಟು ಹೊತ್ತಿಗೆ ಆರಬೇಕು, ಯಂತ್ರ ಯಾವಾಗ ಮಲಗಬೇಕು, ಪ್ರೊಸೆಸರ್ ಎಷ್ಟು ಜೋರಾಗಿ ಓಡಬೇಕು ಎಂದು ನಿರ್ಧರಿಸುವುದು ಕೆಲಸದ ಭಾಗವಲ್ಲದೆ ಮತ್ತೇನು? ಬ್ಯಾಟರಿ ಇರುವ ಯಂತ್ರವನ್ನು ಕೊಟ್ಟು ಆ ಬ್ಯಾಟರಿಯನ್ನು ಉಳಿಸುವ ದಾರಿಯನ್ನು ಕೊಡದಿರುವುದು ಕೊಡ ಕೊಟ್ಟು ಬಾವಿಯ ಹಗ್ಗ ಕಿತ್ತುಕೊಂಡಂತೆ.

ಈ ಜಗಳ ಹೊಸದೂ ಅಲ್ಲ. ತಂತ್ರಾಂಶ ತಯಾರಿಸಿದವರೇ ಇದನ್ನು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ನಿರ್ಬಂಧಿತ ಖಾತೆಯವರು ಪವರ್ ಆಯ್ಕೆ ಬದಲಿಸಲು ಹೋದರೆ ಪ್ರವೇಶವಿಲ್ಲ ಎಂಬ ಉತ್ತರ ಬರುತ್ತಿತ್ತು. ಕಾರಣ ಸುರಕ್ಷತೆ ಆಗಿರಲಿಲ್ಲ. ಪವರ್ ಯೋಜನೆಗಳು ರಿಜಿಸ್ಟ್ರಿಯಲ್ಲಿ ಇಡೀ ಯಂತ್ರಕ್ಕೆ ಸೇರಿದ ಭಾಗದಲ್ಲಿ ದಾಖಲಾಗುತ್ತಿದ್ದವು, ಅಲ್ಲಿ ಬರೆಯುವ ಅನುಮತಿ ಅಡ್ಮಿನ್‌ಗೆ ಮಾತ್ರ ಇತ್ತು. ತಿಳಿದವರು ರಿಜಿಸ್ಟ್ರಿಯ ಆ ಒಂದು ಭಾಗಕ್ಕೆ ಮಾತ್ರ ಬಳಕೆದಾರರಿಗೆ ಅನುಮತಿ ಬಿಡಿಸಿಕೊಡುತ್ತಿದ್ದರು. ತಿಳಿಯದವರು ಬೇಸತ್ತು ಇಡೀ ಖಾತೆಯನ್ನೇ ಅಡ್ಮಿನ್ ಮಾಡಿಬಿಡುತ್ತಿದ್ದರು. ಅದೇ ಕಾಲದಲ್ಲಿ, ನಿರ್ಬಂಧಿತ ಖಾತೆಯಿಂದ ಮೂಲೆಯ ಗಡಿಯಾರವನ್ನು ಎರಡು ಬಾರಿ ಒತ್ತಿದರೆ, ತಾರೀಖು ನೋಡಲು ಬಂದವರಿಗೂ ಸಮಯ ಬದಲಿಸುವ ಅಧಿಕಾರ ನಿಮಗಿಲ್ಲ ಎಂಬ ಸಂದೇಶ ಬರುತ್ತಿತ್ತು.

2007ರ ಜನವರಿಯಲ್ಲಿ ಸಾರ್ವಜನಿಕರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಇದನ್ನು ತಿದ್ದಿದರು. ಸಮಯವನ್ನು ಬದಲಿಸುವ ಅಧಿಕಾರ ಅಡ್ಮಿನ್ ಬಳಿಯೇ ಉಳಿಯಿತು, ಅದಕ್ಕೆ ಗಟ್ಟಿ ಕಾರಣವಿದೆ. ಆಫೀಸಿನ ಜಾಲದಲ್ಲಿ ಲಾಗಿನ್ ಪರೀಕ್ಷಿಸುವ ಕೆರ್ಬೆರೋಸ್ ವ್ಯವಸ್ಥೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ, ದಾಖಲೆಗಳ ಕಾಲವೂ ಅದನ್ನೇ ನೆಚ್ಚಿಕೊಂಡಿದೆ. ಆದರೆ ಸಮಯವಲಯ ಬದಲಿಸುವ ಅಧಿಕಾರವನ್ನು ಸಾಮಾನ್ಯ ಖಾತೆಗೆ ಕೊಟ್ಟರು, ಏಕೆಂದರೆ ಲ್ಯಾಪ್‌ಟಾಪು ಮನುಷ್ಯನ ಜೊತೆ ಊರೂರು ತಿರುಗುತ್ತದೆ. ಪವರ್ ಆಯ್ಕೆಗಳನ್ನೂ ಅದೇ ತರ್ಕದ ಮೇಲೆ ಸಾಮಾನ್ಯ ಖಾತೆಗೆ ಬಿಟ್ಟುಕೊಟ್ಟರು. ಯಂತ್ರದ ರಕ್ಷಣೆಗೆ ಸೇರಿದ್ದು ಯಾವುದು, ಯಂತ್ರ ಹೊತ್ತವರ ಅನುಕೂಲಕ್ಕೆ ಸೇರಿದ್ದು ಯಾವುದು ಎಂದು ಎಳೆ ಎಳೆಯಾಗಿ ಬಿಡಿಸಿ ನೋಡಿದ ಕೆಲಸ ಅದು. ಇಂದು ಅದೇ ಆಯ್ಕೆಗಳನ್ನು ಗ್ರೂಪ್ ಪಾಲಿಸಿಯ ಮೂಲಕ ಮತ್ತೆ ಮುಚ್ಚುವವರು ನಮ್ಮನ್ನು ಆ ತಿದ್ದುಪಡಿಯ ಆಚೆಗೆ, 2001ಕ್ಕೆ ಎಳೆದುಕೊಂಡು ಹೋಗುತ್ತಿದ್ದಾರೆ. ವಿಸ್ಟಾ ಬಿಟ್ಟುಕೊಟ್ಟದ್ದನ್ನು ಹಿಂದಕ್ಕೆ ಕಸಿದುಕೊಳ್ಳಲು ಅವರ ಬಳಿ ಇರುವ ಹೊಸ ಕಾರಣ ಯಾವುದು?

ಸುರಕ್ಷತೆ ಎನ್ನುತ್ತಾರೆ. ಹಾಗಾದರೆ ಸುರಕ್ಷತೆಯನ್ನೇ ಮಾತಾಡೋಣ.

ವಿಂಡೋಸಿನಲ್ಲಿ ‘ಸೆಟ್‌ಥ್ರೆಡ್‌ಎಕ್ಸಿಕ್ಯೂಶನ್‌ಸ್ಟೇಟ್’ ಎಂಬ ಒಂದು ಸೌಲಭ್ಯವಿದೆ. ಯಾವುದೇ ಪ್ರೋಗ್ರಾಂ ಅದನ್ನು ಕರೆದು, ನಾನು ಕೆಲಸದಲ್ಲಿದ್ದೇನೆ, ಯಂತ್ರವನ್ನು ಮಲಗಿಸಬೇಡ, ಪರದೆ ಆರಿಸಬೇಡ ಎಂದು ಹೇಳಬಹುದು. ಸಿನಿಮಾ ನೋಡುವಾಗ ಪರದೆ ಆರದಿರುವುದು ಇದರಿಂದಲೇ. ಇದಕ್ಕೆ ಅಡ್ಮಿನ್ ಅನುಮತಿ ಬೇಕಿಲ್ಲ. ನಿರ್ಬಂಧಿತ ಖಾತೆಯಲ್ಲಿ ಓಡುವ ವಿಡಿಯೊ ಪ್ಲೇಯರಿಗೆ, ಮೀಟಿಂಗ್ ಆ್ಯಪಿಗೆ ಯಂತ್ರವನ್ನು ಎಚ್ಚರವಾಗಿಡುವ ಅಧಿಕಾರವಿದೆ. ಅದೇ ಖಾತೆಯ ಒಡೆಯರಾದ ಮನುಷ್ಯರಿಗೆ ಇಲ್ಲ! ಇಷ್ಟೇ ಅಲ್ಲ. ಯಾವ ಪ್ರೋಗ್ರಾಂ ಯಂತ್ರವನ್ನು ಮಲಗಲು ಬಿಡುತ್ತಿಲ್ಲ ಎಂದು ತೋರಿಸುವ ‘ಪವರ್‌ಸಿಎಫ್‌ಜಿ ರಿಕ್ವೆಸ್ಟ್ಸ್’ ಎಂಬ ಆದೇಶವಿದೆಯಲ್ಲ, ಅದನ್ನು ಓಡಿಸಲು ಅಡ್ಮಿನ್ ಆಗಿರಬೇಕು. ಅಂದರೆ ನನ್ನ ಬ್ಯಾಟರಿ ಕುಡಿಯುವವನಿಗೆ ಬಾಗಿಲು ತೆರೆದಿದೆ, ಕುಡಿಯುತ್ತಿರುವವನು ಯಾರೆಂದು ಇಣುಕಿ ನೋಡಲು ನನಗೆ ಬಾಗಿಲು ಮುಚ್ಚಿದೆ. ಇದನ್ನು ಯಾವ ಬಾಯಲ್ಲಿ ಸುರಕ್ಷತೆ ಎಂದು ಕರೆಯುತ್ತೀರಿ?

ಇನ್ನೊಂದು ವಾದ ಬರುತ್ತದೆ. ಯಂತ್ರವನ್ನು ಹಾಗೇ ಬಿಟ್ಟು ಎದ್ದುಹೋದರೆ ಬೇರೆಯವರು ಬಂದು ನೋಡಿಬಿಡುತ್ತಾರೆ, ಆದ್ದರಿಂದ ಪರದೆಯ ಅವಧಿ ನಮ್ಮ ಹಿಡಿತದಲ್ಲಿರಬೇಕು ಎಂದು. ಪರದೆ ಆರುವುದು ಬೇರೆ, ಯಂತ್ರ ಮಲಗುವುದು ಬೇರೆ, ಲಾಕ್ ಆಗುವುದು ಬೇರೆ. ಈ ಮೂರನ್ನು ಒಂದೇ ಗಂಟಿನಲ್ಲಿ ಕಟ್ಟುವುದೇ ಮೂಲ ತಪ್ಪು. ಇಷ್ಟು ಸೆಕೆಂಡು ಯಾರೂ ಮುಟ್ಟದಿದ್ದರೆ ಲಾಕ್ ಆಗಲಿ ಎಂದು ಹೇಳುವ ಪ್ರತ್ಯೇಕ ಪಾಲಿಸಿ ವಿಂಡೋಸ್ 8ರ ಕಾಲದಿಂದ ಇದೆ. 900 ಸೆಕೆಂಡು, ಅಂದರೆ ಹದಿನೈದು ನಿಮಿಷ ಮೀರಬಾರದು ಎಂಬುದು ಸುರಕ್ಷತಾ ಮಾನದಂಡಗಳಲ್ಲಿ ಪರಿಚಿತವಾದ ಮಿತಿ. ಎಚ್ಚರವಾದಾಗ ಪಾಸ್‌ವರ್ಡ್ ಕೇಳಲೇಬೇಕು ಎನ್ನುವುದಕ್ಕೂ ಬೇರೆಯದೇ ಪಾಲಿಸಿ ಇದೆ. ಇವೆರಡನ್ನು ಬಿಗಿ ಮಾಡಿ, ನನ್ನ ತಕರಾರಿಲ್ಲ. ಆಮೇಲೆ ಪರದೆ ಎರಡು ನಿಮಿಷಕ್ಕೆ ಆರಿದರೇನು, ಹತ್ತು ನಿಮಿಷಕ್ಕೆ ಆರಿದರೇನು? ಬಾಗಿಲಿಗೆ ಚಿಲಕ ಬಿದ್ದ ಮೇಲೆ ಒಳಗಿನ ದೀಪ ಉರಿಯುತ್ತಿದೆಯೋ ಆರಿದೆಯೋ ಎಂಬುದರಿಂದ ಕಳ್ಳನಿಗೆ ಏನು ಲಾಭ?

ಪವರ್ ಸೆಟ್ಟಿಂಗಿಗೂ ಸುರಕ್ಷತೆಗೂ ನಿಜವಾದ ನಂಟಿರುವ ಒಂದು ಜಾಗವಿದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಒಂದು ವಿಷಯ ತೋರಿಸಿಕೊಟ್ಟರು. ವಿದ್ಯುತ್ ಕಡಿದ ಮೇಲೂ ರ್‍ಯಾಮ್‌ನಲ್ಲಿರುವುದು ತಕ್ಷಣ ಅಳಿಯುವುದಿಲ್ಲ, ತಣ್ಣಗೆ ಮಾಡಿದರೆ ಇನ್ನಷ್ಟು ಹೊತ್ತು ಉಳಿಯುತ್ತದೆ, ಅಲ್ಲಿಂದ ಡಿಸ್ಕಿನ ಗೂಢಲಿಪಿಯ ಕೀಲಿಯನ್ನು ಕದಿಯಬಹುದು ಎಂದು. ಸ್ಲೀಪ್‌ನಲ್ಲಿರುವ ಯಂತ್ರದ ರ್‍ಯಾಮ್‌ನಲ್ಲಿ ಆ ಕೀಲಿ ಇದ್ದೇ ಇರುತ್ತದೆ. ಹಾಗಾಗಿ ಬಹಳ ಗುಟ್ಟಿನ ಮಾಹಿತಿ ಇರುವ ಕಡೆ ಸ್ಲೀಪ್ ಬೇಡ, ಎಲ್ಲವನ್ನೂ ಡಿಸ್ಕಿಗೆ ಬರೆದು ಪೂರ್ತಿ ಆರುವ ಹೈಬರ್ನೇಟ್ ಆಗಲಿ ಎಂದು ಕಡ್ಡಾಯ ಮಾಡುವುದುಂಟು. ಇದು ಕಾರಣವಿರುವ ಬೀಗ. ಆದರೆ ಇದೇ ಕಾರಣ ಹೇಳುವವರು ನನ್ನ ಲ್ಯಾಪ್‌ಟಾಪಿಗೆ ಮಾಡಿದ್ದೇನು? ಮುಚ್ಚಳ ಮುಚ್ಚಿದರೂ ಓಡುತ್ತಲೇ ಇರು ಎಂದರು. ಓಡುತ್ತಿರುವ ಯಂತ್ರದ ರ್‍ಯಾಮ್‌ನಲ್ಲೂ ಆ ಕೀಲಿ ಇರುತ್ತದೆ. ಬೆಂಗಳೂರಿನ ಕ್ಯಾಬಿನಲ್ಲಿ ಮರೆತುಹೋದ ಚೀಲದೊಳಗೆ ಇಡೀ ರಾತ್ರಿ ಎಚ್ಚರವಾಗಿರುವ ಯಂತ್ರ, ಹೈಬರ್ನೇಟ್ ಆಗಿ ಆರಿದ ಯಂತ್ರಕ್ಕಿಂತ ಯಾವ ರೀತಿಯಲ್ಲಿ ಸುರಕ್ಷಿತ? ಸುರಕ್ಷತೆಯ ಒಂದೇ ಒಂದು ಗಟ್ಟಿ ವಾದವೂ ಅವರು ಹಾಕಿದ ಬೀಗದ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಹಾಗಾದರೆ ಯಂತ್ರವನ್ನು ಸದಾ ಎಚ್ಚರವಾಗಿಡುವುದು ಏಕೆ? ರಾತ್ರಿ ಅಪ್‌ಡೇಟ್ ಕಳಿಸಬೇಕು, ಬ್ಯಾಕಪ್ ತೆಗೆಯಬೇಕು, ಎಂಬುದೇ ನಿಜವಾದ ಉತ್ತರ. ಆಡಳಿತದ ಅನುಕೂಲಕ್ಕೆ ಸುರಕ್ಷತೆಯ ಅಂಗಿ ತೊಡಿಸಿದ್ದಾರೆ. ಆ ಅನುಕೂಲಕ್ಕೂ ಇದು ಬೇಕಿಲ್ಲ. ಮಲಗಿದ ಯಂತ್ರವನ್ನು ನಿಗದಿತ ಹೊತ್ತಿಗೆ ಎಬ್ಬಿಸುವ ವೇಕ್ ಟೈಮರ್ ಇದೆ. ಈ ಕೆಲಸಕ್ಕೆ ಕಂಪ್ಯೂಟರನ್ನು ಎಬ್ಬಿಸು ಎಂಬ ಆಯ್ಕೆ ಟಾಸ್ಕ್ ಶೆಡ್ಯೂಲರಿನಲ್ಲೇ ಇದೆ. ಆಫೀಸಿನ ಜಾಲದಲ್ಲಿರುವ ಯಂತ್ರವನ್ನು ದೂರದಿಂದಲೇ ಎಬ್ಬಿಸುವ ವೇಕ್ ಆನ್ ಲ್ಯಾನ್ ತೊಂಬತ್ತರ ದಶಕದ ವಿದ್ಯೆ. ಬೆಳಗಿನ ಐದಕ್ಕೆ ಎದ್ದು ಹಾಲು ಕರೆಯಬೇಕೆಂದು ಯಾರಾದರೂ ರಾತ್ರಿಯಿಡೀ ಕೊಟ್ಟಿಗೆಯಲ್ಲಿ ನಿಂತಿರುತ್ತಾರೆಯೇ?

ನಿದ್ದೆಗೆಟ್ಟ ಯಂತ್ರದ ಖರ್ಚನ್ನು ಲೆಕ್ಕ ಹಾಕೋಣ. ಸುಮ್ಮನೆ ಉರಿಯುವ ಒಂದು ಲ್ಯಾಪ್‌ಟಾಪು ಹದಿನೈದು ವಾಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಸಂಜೆ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ ಹದಿನಾಲ್ಕು ಗಂಟೆ. ಒಂದು ರಾತ್ರಿಗೆ 210 ವಾಟ್-ಗಂಟೆ. 5,000 ಜನರ ಕಂಪನಿಯಲ್ಲಿ ಪ್ರತಿ ರಾತ್ರಿ 1,050 ಯೂನಿಟ್. ಸ್ಲೀಪ್‌ನಲ್ಲಿದ್ದರೆ ಅದರ ಒಂದು ಸಣ್ಣ ಪಾಲು ಸಾಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಆರಂಭಿಸಿದ ಎನರ್ಜಿ ಸ್ಟಾರ್ ಗುರುತು ಪಡೆಯಲು ಕಂಪ್ಯೂಟರು ಹದಿನೈದು ನಿಮಿಷಕ್ಕೆ ಪರದೆ ಆರಿಸುವಂತೆ, ಮೂವತ್ತು ನಿಮಿಷಕ್ಕೆ ಮಲಗುವಂತೆ ಹೊಂದಿಸಿಯೇ ಕಾರ್ಖಾನೆಯಿಂದ ಹೊರಬರಬೇಕು. ಆ ಗುರುತಿರುವ ಯಂತ್ರವನ್ನು ಖರೀದಿಸಿ, ಪರಿಸರದ ವಾರ್ಷಿಕ ವರದಿಯಲ್ಲಿ ಅದನ್ನು ಬರೆದುಕೊಂಡು, ಬಂದ ದಿನವೇ ಪಾಲಿಸಿ ಹಾಕಿ ಆ ಎರಡನ್ನೂ ತೆಗೆದುಹಾಕುವುದು ಯಾವ ನ್ಯಾಯ?

ವಿದ್ಯುತ್ತಿನ ಬಿಲ್ಲು ಕಂಪನಿಯದಾದರೆ ಇರಲಿ. ಮನೆಯಿಂದ ಕೆಲಸ ಮಾಡುವವರ ಬಿಲ್ಲು ಯಾರದು? ಬ್ಯಾಟರಿಯ ಆಯುಷ್ಯ ಯಾರದು? ಲಿಥಿಯಂ ಅಯಾನ್ ಬ್ಯಾಟರಿಗೆ ಎರಡು ವೈರಿಗಳು. ಒಂದು ಬಿಸಿ, ಇನ್ನೊಂದು ಸದಾ ತುಂಬಿದ ಹೊಟ್ಟೆ. ನೂರು ಪರ್ಸೆಂಟಿನಲ್ಲಿ, ಬಿಸಿಯಲ್ಲಿ ದಿನಗಟ್ಟಲೆ ಕೂತ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಇದನ್ನು ಬಲ್ಲ ತಯಾರಕರು ಎಂಬತ್ತು ಪರ್ಸೆಂಟಿಗೆ ಚಾರ್ಜು ನಿಲ್ಲಿಸುವ ಆಯ್ಕೆಯನ್ನು ಅನೇಕ ಲ್ಯಾಪ್‌ಟಾಪುಗಳಲ್ಲಿ ಕೊಟ್ಟಿದ್ದಾರೆ. ಆ ಆಯ್ಕೆಯೂ ಬೀಗದ ಹಿಂದೆ ಕೂರುತ್ತದೆ. ‘ಹೈ ಪರ್ಫಾರ್ಮೆನ್ಸ್’ ಯೋಜನೆಯಲ್ಲಿ ಪ್ರೊಸೆಸರಿನ ಕನಿಷ್ಠ ಮಟ್ಟವೇ ನೂರು ಪರ್ಸೆಂಟ್ ಎಂದು ನಿಗದಿಯಾಗಿರುತ್ತದೆ. ಒಂದು ಇಮೇಲ್ ಓದಲು ಅಷ್ಟು ಓಟ ಏಕೆ? ಬ್ಯಾಟರಿ ಬೇಗ ಸತ್ತರೆ ಅದು ಕಸವಾಗುತ್ತದೆ. ನಮ್ಮ ದೇಶ 2022ರಲ್ಲಿ ಬ್ಯಾಟರಿ ತ್ಯಾಜ್ಯಕ್ಕೂ ಇ-ತ್ಯಾಜ್ಯಕ್ಕೂ ಹೊಸ ನಿಯಮ ತಂದಿದೆ. ಕಸವಾದ ಮೇಲೆ ಏನು ಮಾಡಬೇಕೆಂದು ನಿಯಮ ಹೇಳುತ್ತದೆ. ಕಸವಾಗುವುದನ್ನು ಮುಂದೂಡಬಲ್ಲ ಗುಂಡಿಯನ್ನು ನಾವು ಬೂದು ಬಣ್ಣಕ್ಕೆ ತಿರುಗಿಸಿ ಕೂತಿದ್ದೇವೆ.

ಈಗ ಬೀಗ ಹಾಕಿದ್ದರಿಂದ ಹುಟ್ಟುವ ಅಪಾಯಕ್ಕೆ ಬರೋಣ. ಮನುಷ್ಯರು ನೀರಿದ್ದಂತೆ, ಒಡ್ಡು ಕಟ್ಟಿದರೆ ಪಕ್ಕದಿಂದ ಹರಿಯುತ್ತಾರೆ. ಮೀಟಿಂಗಿನ ನಡುವೆ ಪರದೆ ಆರಬಾರದೆಂದು ಮೌಸ್ ಅಲ್ಲಾಡಿಸುವ ಸಾಧನವನ್ನು ಆನ್‌ಲೈನಿನಲ್ಲಿ ತರಿಸಿ ಯುಎಸ್‌ಬಿಗೆ ಸಿಕ್ಕಿಸುತ್ತಾರೆ. ಯಾರೋ ಮಾಡಿದ, ಒಳಗೆ ಏನಿದೆಯೆಂದು ಯಾರಿಗೂ ತಿಳಿಯದ ಸಾಧನ ಅದು. ಕೆಲವರು ಖಾಲಿ ವಿಡಿಯೊ ಓಡಿಸಿಟ್ಟು ಊಟಕ್ಕೆ ಹೋಗುತ್ತಾರೆ. ಕೆಲವರು ಐಟಿ ವಿಭಾಗದ ಗೆಳೆಯನಿಂದ ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಸಿಕೊಳ್ಳುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಯುಪಿಎಸ್ ಕೂಗತೊಡಗಿದಾಗ ಇನ್‌ಸ್ಟ್ರಕ್ಟರ್ ನಲವತ್ತು ಯಂತ್ರಗಳನ್ನು ಮಲಗಿಸಲು ಆಗದೆ, ಕೊನೆಗೆ ಎಲ್ಲ ಯಂತ್ರಗಳಿಗೂ ಒಂದೇ ಅಡ್ಮಿನ್ ಖಾತೆ ಇಟ್ಟುಕೊಂಡು ಮಕ್ಕಳಿಗೂ ಅದನ್ನೇ ಕೊಡುತ್ತಾರೆ. ಎಕ್ಸ್‌ಪಿಯ ಕಾಲದಲ್ಲಿ ನಡೆದದ್ದೂ ಇದೇ. ಸಣ್ಣ ಸಣ್ಣ ಕೆಲಸಕ್ಕೂ ಅಡ್ಮಿನ್ ಬೇಕಾಗುತ್ತಿದ್ದುದರಿಂದ ಮನೆಮನೆಯಲ್ಲೂ ಎಲ್ಲರೂ ಅಡ್ಮಿನ್ ಆಗಿಯೇ ಕೂತರು, ವೈರಸ್‌ಗಳು ಆ ಅಧಿಕಾರವನ್ನೇ ಹತ್ತಿ ಬಂದವು. ಸಣ್ಣದನ್ನು ಕೊಡದೆ ದೊಡ್ಡದನ್ನು ಕಳೆದುಕೊಂಡ ಪಾಠ ಅದು. ಸಾಲ್ಟ್ಜರ್ ಮತ್ತು ಶ್ರೋಡರ್ ಕೊನೆಯ ಸೂತ್ರವನ್ನು ಸುಮ್ಮನೆ ಬರೆದಿರಲಿಲ್ಲ.

ಇದೆಲ್ಲ ಯಂತ್ರದ ಮಾತಾಯಿತು. ದೇಹದ ಮಾತು ಇನ್ನೂ ಇದೆ. ನಿಧಾನವಾಗಿ ಓದುವವರಿದ್ದಾರೆ. ಕೈ ನಡುಗುವವರಿದ್ದಾರೆ. ಒಂದು ಪುಟದ ಮುಂದೆ ಆರು ನಿಮಿಷ ಏನನ್ನೂ ಮುಟ್ಟದೆ ಕೂತು, ಪರದೆಯನ್ನು ದೊಡ್ಡದು ಮಾಡಿಕೊಂಡು ಓದುವವರಿದ್ದಾರೆ. ಐದು ನಿಮಿಷಕ್ಕೆ ಪರದೆ ಕಪ್ಪಾಗಲೇಬೇಕು ಎಂಬ ಪಾಲಿಸಿ ಅವರನ್ನು ದಿನಕ್ಕೆ ಮೂವತ್ತು ಸಲ ನಡುವಿನಿಂದ ಎಬ್ಬಿಸುತ್ತದೆ. ಜಾಲತಾಣಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಸುಗಮ್ಯತೆಯ ಮಾರ್ಗಸೂಚಿ 2008ರಲ್ಲೇ ಇದನ್ನು ಹೇಳಿತು: ಕಾಲದ ಮಿತಿ ಇದ್ದರೆ ಅದನ್ನು ತೆಗೆಯುವ, ಹಿಗ್ಗಿಸುವ, ಇಲ್ಲವೇ ಮೊದಲಿನ ಹತ್ತು ಪಟ್ಟಿನವರೆಗೂ ಬದಲಿಸುವ ದಾರಿ ಬಳಸುವವರಿಗೆ ಇರಬೇಕು. ಒಂದು ಜಾಲಪುಟಕ್ಕೆ ಬೇಕಾದ ಸೌಜನ್ಯ ಆ ಪುಟವನ್ನು ತೋರಿಸುವ ಯಂತ್ರಕ್ಕೆ ಬೇಡವೇ? ನಮ್ಮ ದೇಶದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಅವರಿಗೆ ಸೂಕ್ತ ಹೊಂದಾಣಿಕೆ ಒದಗಿಸುವುದನ್ನು ಸರ್ಕಾರಿ ಸಂಸ್ಥೆಗಳ ಕರ್ತವ್ಯವಾಗಿಸಿದೆ. ಒಂದು ಸಂಖ್ಯೆಯನ್ನು ಐದರಿಂದ ಇಪ್ಪತ್ತಕ್ಕೆ ಏರಿಸುವುದಕ್ಕಿಂತ ಕಡಿಮೆ ಖರ್ಚಿನ ಹೊಂದಾಣಿಕೆ ಜಗತ್ತಿನಲ್ಲಿ ಇದೆಯೇ? ಆದರೂ ಅದಕ್ಕೆ ಟಿಕೆಟ್ ಹಾಕಬೇಕು, ಕಾರಣ ಬರೆಯಬೇಕು, ತನ್ನ ಕಾಯಿಲೆಯನ್ನು ಅಪರಿಚಿತನೊಬ್ಬನ ಎದುರು ಬಿಚ್ಚಿ ಹೇಳಬೇಕು, ಎರಡು ದಿನ ಕಾಯಬೇಕು. ತನ್ನ ಕಣ್ಣಿನ ನೋವನ್ನು ಸಾಬೀತು ಮಾಡಿದರಷ್ಟೇ ದೀಪದ ಮೇಲೆ ಹಕ್ಕು ಸಿಗುವುದು ಎಂದರೆ ಅದು ಅವಮಾನ.

ಆ ಅವಮಾನವೇ ನನ್ನ ಕೊನೆಯ ಆರೋಪ, ಮತ್ತು ಅತಿ ದೊಡ್ಡದು. ಕಂಪನಿ ಒಬ್ಬ ಎಂಜಿನಿಯರಿಗೆ ಲಕ್ಷಾಂತರ ಗ್ರಾಹಕರ ಮಾಹಿತಿ ಇರುವ ಸರ್ವರಿನ ಬಾಗಿಲು ತೆರೆದುಕೊಡುತ್ತದೆ. ಒಬ್ಬ ಲೆಕ್ಕಿಗರಿಗೆ ಕೋಟಿಗಟ್ಟಲೆ ಹಣ ಪಾವತಿಸುವ ಗುಂಡಿ ಕೊಡುತ್ತದೆ. ಕಾಲೇಜು ಒಬ್ಬ ಉಪನ್ಯಾಸಕಿಗೆ ಅರವತ್ತು ಮಕ್ಕಳ ಭವಿಷ್ಯ ಒಪ್ಪಿಸುತ್ತದೆ. ಅವರೇ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಏನಾಗಬೇಕೆಂದು ಹೇಳಲು ಹೋದರೆ, ನೀವು ಕೆಡಿಸಿಬಿಡುತ್ತೀರಿ ಎನ್ನುತ್ತವೆ. ಏನನ್ನು ಕೆಡಿಸುತ್ತಾರೆ? ಪರದೆ ಬೇಗ ಆರಿದರೆ ಒಂದು ಕೀಲಿ ಒತ್ತಿದರೆ ಹೊತ್ತುತ್ತದೆ. ಯಂತ್ರ ಬೇಗ ಮಲಗಿದರೆ ತಟ್ಟಿದರೆ ಏಳುತ್ತದೆ. ತಪ್ಪು ಯೋಜನೆ ಆರಿಸಿದರೆ ಮೂಲ ಸ್ಥಿತಿಗೆ ಮರಳಿಸುವ ಗುಂಡಿ ಪಕ್ಕದಲ್ಲೇ ಇದೆ. ಮೇಲೆ ಹೇಳಿದ ಸ್ಲೀಪ್‌ನ ಆ ಒಂದು ಜಾಗ ಬಿಟ್ಟರೆ, ಯಾವ ಕಡತವೂ ಅಳಿಯುವುದಿಲ್ಲ, ಯಾವ ಗುಟ್ಟೂ ಸೋರುವುದಿಲ್ಲ, ಜಾಲದ ಯಾವ ಕದವೂ ತೆರೆದುಕೊಳ್ಳುವುದಿಲ್ಲ. ಒಂದು ಕ್ಷಣದಲ್ಲಿ ತಿದ್ದಬಹುದಾದ, ಮಾಡಿದವರಿಗೆ ಮಾತ್ರ ತಟ್ಟುವ ತಪ್ಪನ್ನೂ ಮಾಡಲು ಬಿಡದ ವ್ಯವಸ್ಥೆ ದೊಡ್ಡವರನ್ನು ಮಕ್ಕಳ ಹಾಗೆ ನಡೆಸಿಕೊಳ್ಳುತ್ತದೆ. ಹಿರಿಯ ಅಧಿಕಾರಿಯೊಬ್ಬರು ಒಂದು ಮಾತು ಹೇಳಿದರೆ ಅವರ ಯಂತ್ರಕ್ಕೆ ಅದೇ ಸಂಜೆ ವಿನಾಯಿತಿ ಸಿಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನಿಜಕ್ಕೂ ಸುರಕ್ಷತೆಯಾಗಿದ್ದರೆ ಅತಿ ದೊಡ್ಡ ಗುಟ್ಟುಗಳಿರುವ ಯಂತ್ರಕ್ಕೆ ಮೊದಲು ವಿನಾಯಿತಿ ಸಿಗುತ್ತಿತ್ತೇ?

ಮನೆ ಬಾಡಿಗೆಗೆ ಕೊಟ್ಟವರು ಗೋಡೆ ಒಡೆಯಬೇಡಿ ಎನ್ನಬಹುದು. ವೈರಿಂಗ್ ಮುಟ್ಟಬೇಡಿ, ಮೀಟರಿನ ಸೀಲು ಕೀಳಬೇಡಿ ಎನ್ನಬಹುದು. ಅದು ಅವರ ಹಕ್ಕು, ಇತರ ಬಾಡಿಗೆದಾರರ ರಕ್ಷಣೆಯೂ ಹೌದು. ಆದರೆ ಮಲಗುವ ಕೋಣೆಯ ಸ್ವಿಚ್ಚನ್ನು ಮಾಲೀಕರು ತಮ್ಮ ಮನೆಯಲ್ಲಿ ಇಟ್ಟುಕೊಂಡರೆ ನಾವು ಒಪ್ಪುತ್ತೇವೆಯೇ? ಯಂತ್ರ ಕಂಪನಿಯದು, ನಿಜ. ಅದನ್ನು ಹೊತ್ತು ತಿರುಗುವ ಭುಜ ನಮ್ಮದು. ಅದರ ಬಿಸಿ ತಾಗುವ ತೊಡೆ ನಮ್ಮದು. ಅದರ ಬೆಳಕಿಗೆ ಸೋಲುವ ಕಣ್ಣು ನಮ್ಮದು. ಕರೆಂಟಿಲ್ಲದ ರಾತ್ರಿಯೂ ನಮ್ಮದೇ.

ಆದ್ದರಿಂದ ಕೇಳಬೇಕಾದದ್ದನ್ನು ಬಾಯಿಬಿಟ್ಟು ಕೇಳೋಣ. ಐಟಿ ವಿಭಾಗದವರೇ, ಲಾಕ್ ಆಗುವುದನ್ನು ಮತ್ತು ಪವರ್ ಸೆಟ್ಟಿಂಗನ್ನು ಇಂದೇ ಬೇರೆ ಮಾಡಿ. ಲಾಕ್‌ಗೆ ಗರಿಷ್ಠ ಮಿತಿ ಹಾಕಿ, ಪಾಸ್‌ವರ್ಡ್ ಕಡ್ಡಾಯ ಮಾಡಿ, ಅದನ್ನು ಯಾರಿಗೂ ಸಡಿಲಿಸಬೇಡಿ. ಪರದೆ ಆರುವ ಹೊತ್ತು, ಮಲಗುವ ಹೊತ್ತು, ಮುಚ್ಚಳದ ವರ್ತನೆ, ಪವರ್ ಯೋಜನೆ, ಚಾರ್ಜಿನ ಮಿತಿ, ಈ ಐದನ್ನು ಸಾಮಾನ್ಯ ಖಾತೆಗೆ ಹಿಂದಿರುಗಿಸಿ. ಗುಟ್ಟಿನ ಕೆಲಸಕ್ಕಾಗಿ ಸ್ಲೀಪ್ ಬೇಡವೆಂದರೆ ಆ ಒಂದನ್ನು ಮಾತ್ರ ಮುಚ್ಚಿ, ಏಕೆ ಮುಚ್ಚಿದ್ದೀರಿ ಎಂದು ಎರಡು ಸಾಲು ಬರೆದು ತಿಳಿಸಿ. ಎರಡು ಸಾಲು ಬರೆಯಲು ಆಗದ ಬೀಗ ಇರಲು ಯೋಗ್ಯವಲ್ಲ. ಯಂತ್ರವನ್ನು ಮಲಗಲು ಬಿಡದ ಪ್ರೋಗ್ರಾಂ ಯಾವುದೆಂದು ನೋಡುವ ಹಕ್ಕನ್ನು ಅದನ್ನು ಬಳಸುವವರಿಗೆ ಕೊಡಿ ಎಂದು ತಂತ್ರಾಂಶ ತಯಾರಕರನ್ನೂ ಒತ್ತಾಯಿಸಿ.

ಕಂಪನಿ ನಡೆಸುವವರೇ, ಪರಿಸರದ ವರದಿ ಬರೆಯುವ ಮುನ್ನ ನಿಮ್ಮ ಎಷ್ಟು ಯಂತ್ರಗಳು ರಾತ್ರಿ ಮಲಗುತ್ತವೆ ಎಂದು ಕೇಳಿ. ಕಾಲೇಜುಗಳ, ಸರ್ಕಾರಿ ಕಚೇರಿಗಳ ಮುಖ್ಯಸ್ಥರೇ, ಕಂಪ್ಯೂಟರ್ ಖರೀದಿಯ ಷರತ್ತಿನಲ್ಲಿ ಪವರ್ ಸೆಟ್ಟಿಂಗ್ ಬಳಸುವವರ ಕೈಯಲ್ಲಿರಬೇಕು ಎಂಬುದನ್ನೂ ಒಂದು ಸಾಲಾಗಿ ಸೇರಿಸಿ. ಬಳಸುವ ನಾವೂ ಬೂದು ಬಣ್ಣದ ಗುಂಡಿ ಕಂಡಾಗ ನಿಟ್ಟುಸಿರು ಬಿಟ್ಟು ಚಾರ್ಜರ್ ಹುಡುಕುವುದನ್ನು ನಿಲ್ಲಿಸಬೇಕು. ಇದು ಯಾವ ಅಪಾಯವನ್ನು ತಡೆಯುತ್ತದೆ ಎಂದು ಬರಹದಲ್ಲಿ ಕೇಳಬೇಕು. ಪಾಲಿಸಿ ಎಂಬ ಉತ್ತರ ಬಂದರೆ, ಪಾಲಿಸಿ ಬರೆದವರು ಯಾರು, ಕಾರಣವೇನು ಎಂದು ಮತ್ತೆ ಕೇಳಬೇಕು. ಒಬ್ಬರು ಕೇಳಿದರೆ ಅದು ಟಿಕೆಟ್, ಅದನ್ನು ಮುಚ್ಚಿಬಿಡುತ್ತಾರೆ. ನೂರು ಜನ ಒಂದೇ ವಾರದಲ್ಲಿ ಕೇಳಿದರೆ ಉತ್ತರ ಹುಡುಕಲೇಬೇಕಾಗುತ್ತದೆ.

ಆ ಬೆಳಿಗ್ಗೆ ನಮ್ಮೂರಿನಲ್ಲಿ ನನ್ನ ಫೈಲು ಹೋಗಲಿಲ್ಲ. ಉಳಿದಿದ್ದ ಒಂಬತ್ತು ಪರ್ಸೆಂಟೂ ನಸುಕಿಗೆ ಮುಂಚೆ ಮುಗಿದಿತ್ತು. ನಾನು ಕೇಳುತ್ತಿರುವುದು ಸರ್ವರಿನ ಕೀಲಿಯನ್ನಲ್ಲ, ತಂತ್ರಾಂಶ ಹಾಕಿಕೊಳ್ಳುವ ಅಧಿಕಾರವನ್ನಲ್ಲ, ಯಾರ ಗುಟ್ಟನ್ನೂ ಅಲ್ಲ. ದಿನದ ಕೆಲಸ ಮುಗಿಸಿ ಮುಚ್ಚಳ ಮುಚ್ಚಿದರೆ ಯಂತ್ರ ಮಲಗಬೇಕು. ಅಷ್ಟು ಹೇಳುವ ಹಕ್ಕು ಮುಚ್ಚಳ ಮುಚ್ಚುವ ಕೈಗೆ ಇರಬೇಕು.